ಮಿದುಳಿಗೆ ರಕ್ತ ತಲುಪಿತೇ? ಸೂಜಿ ಚುಚ್ಚದೆ ಅಳೆಯುವ ಬಗೆ



ವಯಸ್ಕರ ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ಒಟ್ಟು ತೂಕದಲ್ಲಿ ಇದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ಹೃದಯವು ನಿಮಿಷಕ್ಕೆ ಹೊರದೂಡುವ ಸುಮಾರು 5 ಲೀಟರ್ ರಕ್ತದಲ್ಲಿ 700 ಮಿಲಿಲೀಟರಿನಷ್ಟನ್ನು ಮಿದುಳೊಂದೇ ಪಡೆದುಕೊಳ್ಳುತ್ತದೆ. ದೇಹ ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಭಾಗ ಇದಕ್ಕೇ ಬೇಕು. ಇಷ್ಟು ದೊಡ್ಡ ಖರ್ಚಿನ ಈ ಅಂಗಕ್ಕೆ ಉಳಿತಾಯದ ಅಭ್ಯಾಸವಿಲ್ಲ. ಸ್ನಾಯುಗಳಂತೆ, ಯಕೃತ್ತಿನಂತೆ ಸಕ್ಕರೆಯನ್ನು ಕೂಡಿಟ್ಟುಕೊಂಡು ಕಷ್ಟಕಾಲಕ್ಕೆ ಬಳಸುವ ಶಕ್ತಿ ಮಿದುಳಿಗೆ ಇಲ್ಲವೆಂದೇ ಹೇಳಬೇಕು. ಅದಕ್ಕೆ ಬೇಕಾದದ್ದು ಆಯಾ ಕ್ಷಣಕ್ಕೆ ಬರುತ್ತಲೇ ಇರಬೇಕು.

ಈ ಸರಬರಾಜು ಎಲ್ಲಿಯಾದರೂ ನಿಂತಾಗ ಆಗುವ ಅನಾಹುತಕ್ಕೆ ನಮ್ಮ ಜನ ಲಕ್ವ ಎನ್ನುತ್ತಾರೆ, ಪಾರ್ಶ್ವವಾಯು ಎನ್ನುತ್ತಾರೆ. ವೈದ್ಯರು ಸ್ಟ್ರೋಕ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ರಕ್ತನಾಳ ಒಡೆದು ರಕ್ತ ಹೊರಚೆಲ್ಲುವುದು ಒಂದು; ರಕ್ತನಾಳ ಕಟ್ಟಿಕೊಂಡು ಮುಂದಿನ ಭಾಗಕ್ಕೆ ರಕ್ತ ಹೋಗದಿರುವುದು ಇನ್ನೊಂದು. ಈ ಎರಡನೆಯದೇ ಹೆಚ್ಚು. ಇಲ್ಲಿ ವೈದ್ಯರ ಮುಂದೆ ಬರುವ ಪ್ರಶ್ನೆ ಕೇಳಲು ಬಲು ಸರಳ: ಮಿದುಳಿನ ಯಾವ ಭಾಗಕ್ಕೆ ಎಷ್ಟು ರಕ್ತ ತಲುಪುತ್ತಿದೆ? ಉತ್ತರ ಕಂಡುಕೊಳ್ಳುವುದು ಮಾತ್ರ ಸುಲಭವಲ್ಲ. ತಲೆಬುರುಡೆಯ ಗಟ್ಟಿ ಗೋಡೆಯ ಒಳಗೆ ನಡೆಯುವ ಈ ಹರಿವನ್ನು ಒಂದು ಹನಿ ಔಷಧಿಯನ್ನೂ ಒಳಗೆ ಬಿಡದೆ, ಒಂದು ಸೂಜಿಯನ್ನೂ ಚುಚ್ಚದೆ ಅಳೆಯಲು ಈಗ ಸಾಧ್ಯವಾಗಿದೆ. ಟೆಲಿವಿಷನ್ ಪರದೆಯ ಮೇಲೆ ಇಂತಹ ಅಳತೆಯ ಬಣ್ಣದ ಚಿತ್ರ ತೋರಿಸುವುದು ಅರ್ಧ ನಿಮಿಷದ ಕೆಲಸ. ಆ ಬಣ್ಣ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು ಎಂಬುದನ್ನು ತಿಳಿಯಲು ಪುಟಗಳೇ ಬೇಕು.

ಮೂರು ಅಂಕಿಗಳು

ಮಿದುಳಿನ ರಕ್ತದ ಹರಿವನ್ನು ಅಳೆಯುವ ಮಾನ ಹೀಗಿದೆ: 100 ಗ್ರಾಂ ಮಿದುಳಿಗೆ ಒಂದು ನಿಮಿಷದಲ್ಲಿ ಎಷ್ಟು ಮಿಲಿಲೀಟರ್ ರಕ್ತ ಬರುತ್ತದೆ ಎಂಬುದು. ಆರೋಗ್ಯವಂತ ವಯಸ್ಕರಲ್ಲಿ ಇದು ಸರಾಸರಿ 50ರ ಆಸುಪಾಸು. 1,400 ಗ್ರಾಂ ಎಂದರೆ ಹದಿನಾಲ್ಕು ನೂರುಗಳು. ಹದಿನಾಲ್ಕನ್ನು 50ರಿಂದ ಗುಣಿಸಿದರೆ ಮೇಲೆ ಹೇಳಿದ 700 ಮಿಲಿಲೀಟರ್ ನಿಮಗೆ ಸಿಗುತ್ತದೆ. ನರಕೋಶಗಳ ಒಡಲು ತುಂಬಿರುವ ಬೂದು ಭಾಗಕ್ಕೆ ಇದಕ್ಕಿಂತ ಹೆಚ್ಚು, ನರತಂತುಗಳ ಬಿಳಿ ಭಾಗಕ್ಕೆ ಇದಕ್ಕಿಂತ ಬಹಳ ಕಡಿಮೆ.

ಹರಿವು 50ರಿಂದ ಇಳಿದು ಸುಮಾರು 20ರ ಕೆಳಗೆ ಹೋದಾಗ ನರಕೋಶಗಳ ವಿದ್ಯುತ್ ಚಟುವಟಿಕೆ ನಿಲ್ಲತೊಡಗುತ್ತದೆ. ಕೈ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ. ಆದರೆ ಕೋಶ ಇನ್ನೂ ಸತ್ತಿರುವುದಿಲ್ಲ. ಹರಿವು ಸುಮಾರು 10ಕ್ಕಿಂತ ಕೆಳಗಿಳಿದರೆ ಕೆಲವೇ ನಿಮಿಷಗಳಲ್ಲಿ ಕೋಶಗಳು ಸಾಯುತ್ತವೆ. ಈ ಎರಡು ಮಿತಿಗಳ ನಡುವೆ ಸಿಕ್ಕಿಕೊಂಡ ಭಾಗ ಕೆಲಸ ನಿಲ್ಲಿಸಿದೆ, ಆದರೆ ಬದುಕಿದೆ. ಗ್ರಹಣ ಕಾಲದಲ್ಲಿ ಪೂರ್ಣ ನೆರಳಿನ ಸುತ್ತ ಅರೆನೆರಳು ಇರುವಂತೆ, ಸತ್ತ ಭಾಗದ ಸುತ್ತ ಈ ಭಾಗ ಇರುತ್ತದೆ. ವಿಜ್ಞಾನಿಗಳು ಇದನ್ನು ಅರೆನೆರಳು ಎಂದೇ ಕರೆದಿದ್ದಾರೆ. ರಕ್ತ ಬೇಗ ಮರಳಿದರೆ ಇದು ಉಳಿಯುತ್ತದೆ. ತಡವಾದರೆ ಇದೂ ಸಾಯುತ್ತದೆ. ಸ್ಟ್ರೋಕ್ ಚಿಕಿತ್ಸೆಯ ಹೋರಾಟವೆಲ್ಲ ಈ ಅರೆನೆರಳನ್ನು ಉಳಿಸಿಕೊಳ್ಳುವುದಕ್ಕೆ.

ಕೊಳಾಯಿ ಬೇರೆ, ನೀರು ಬೇರೆ

ರಕ್ತನಾಳದ ಚಿತ್ರ ತೆಗೆದು ಎಲ್ಲಿ ಕಟ್ಟಿದೆಯೆಂದು ನೋಡಿದರೆ ಸಾಲದೇ? ಸಾಲದು. ನಮ್ಮ ಬೀದಿಯಲ್ಲಿ ಕೊಳಾಯಿ ಹಾಕಿದ್ದಾರೆ ಎಂದ ಮಾತ್ರಕ್ಕೆ ಮನೆಗೆ ನೀರು ಬಂತು ಎಂದಲ್ಲ. ಕೊಳವೆಯ ನಕ್ಷೆ ನೋಡಿ ನೀರಿನ ಪ್ರಮಾಣ ಹೇಳಲಾಗುವುದಿಲ್ಲ. ಹಾಗೆಯೇ ಕೊಳವೆ ಒಂದು ಕಡೆ ಕಟ್ಟಿದ್ದರೂ ಬೇರೆ ದಾರಿಯಿಂದ ನೀರು ಬರುತ್ತಿರಬಹುದು. ಕುತ್ತಿಗೆಯ ಧಮನಿ ಬಹಳಷ್ಟು ಕಿರಿದಾಗಿದ್ದರೂ ಏನೂ ತೊಂದರೆಯಿಲ್ಲದೆ ಓಡಾಡುವವರಿದ್ದಾರೆ. ಅಷ್ಟೇ ಕಿರಿದಾದ ಧಮನಿಯಿಂದ ಹಾಸಿಗೆ ಹಿಡಿದವರೂ ಇದ್ದಾರೆ. ಆದ್ದರಿಂದ ಅಳೆಯಬೇಕಾದದ್ದು ಕೋಶಗಳ ಬಾಗಿಲಿಗೆ ಬಂದು ಮುಟ್ಟಿದ ರಕ್ತವನ್ನು.

ಇದನ್ನು ಮನುಷ್ಯರಲ್ಲಿ ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲಿಗರು ಅಮೆರಿಕದ ಸೇಮೂರ್ ಕೆಟಿ ಮತ್ತು ಕಾರ್ಲ್ ಸ್ಮಿಟ್. 1940ರ ದಶಕದಲ್ಲಿ ಅವರು ನೈಟ್ರಸ್ ಆಕ್ಸೈಡ್ ಬೆರೆತ ಗಾಳಿಯನ್ನು ಉಸಿರಾಡಲು ಕೊಟ್ಟು, ಮಿದುಳಿಗೆ ಹೋಗುವ ರಕ್ತದಲ್ಲಿ ಮತ್ತು ಅಲ್ಲಿಂದ ಮರಳುವ ರಕ್ತದಲ್ಲಿ ಆ ಅನಿಲ ಎಷ್ಟಿದೆಯೆಂದು ಮತ್ತೆ ಮತ್ತೆ ಪರೀಕ್ಷಿಸಿದರು. 1948ರಲ್ಲಿ ಪ್ರಕಟವಾದ ಅವರ ಅಳತೆಯ ಸರಾಸರಿ 54. ಇಂದಿಗೂ ಆ ಅಂಕಿ ನಿಂತಿದೆ. ಆದರೆ ಅದಕ್ಕಾಗಿ ಧಮನಿಯೊಂದಕ್ಕೂ ಕುತ್ತಿಗೆಯ ದೊಡ್ಡ ಅಭಿಧಮನಿಗೂ ಸೂಜಿ ಚುಚ್ಚಬೇಕಿತ್ತು. ಸಿಗುತ್ತಿದ್ದುದೂ ಇಡೀ ಮಿದುಳಿನ ಸರಾಸರಿ. ಎಡ ಎಷ್ಟು, ಬಲ ಎಷ್ಟು ಎಂಬುದು ತಿಳಿಯುತ್ತಿರಲಿಲ್ಲ.

ಮುಂದೆ ವಿಕಿರಣಶೀಲ ಆಮ್ಲಜನಕವಿರುವ ನೀರನ್ನು ರಕ್ತಕ್ಕೆ ಬಿಟ್ಟು ಪೆಟ್ ಯಂತ್ರದಿಂದ ನೋಡುವ ವಿಧಾನ ಬಂತು. ನಿಖರತೆಯಲ್ಲಿ ಇದಕ್ಕೆ ಇಂದಿಗೂ ಮೇಲಿನ ಸ್ಥಾನ. ಆದರೆ ಆ ಆಮ್ಲಜನಕದ ಅರ್ಧಾಯು ಎರಡು ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಆಸ್ಪತ್ರೆಯ ಪಕ್ಕದಲ್ಲೇ ಇರಬೇಕು. ಎಂ.ಆರ್.ಐ. ಯಂತ್ರದಲ್ಲಿ ಗ್ಯಾಡೋಲಿನಿಯಂ ಎಂಬ ಲೋಹದ ಸಂಯುಕ್ತವನ್ನು ರಕ್ತನಾಳಕ್ಕೆ ಚುಚ್ಚಿ, ಅದು ಮಿದುಳನ್ನು ಹಾದುಹೋಗುವುದನ್ನು ಗಮನಿಸುವ ವಿಧಾನವೂ ಇದೆ. ಇದು ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಆದರೆ ಮೂತ್ರಪಿಂಡ ತೀರ ದುರ್ಬಲವಾದವರಲ್ಲಿ ಕೆಲವು ಗ್ಯಾಡೋಲಿನಿಯಂ ಸಂಯುಕ್ತಗಳು ಚರ್ಮ ಮತ್ತು ಒಳ ಅಂಗಗಳನ್ನು ಗಡುಸಾಗಿಸುವ ಕಾಯಿಲೆ ತರಬಹುದೆಂದು 2006ರಲ್ಲಿ ಗೊತ್ತಾಯಿತು. ಬೇರೆ ಕೆಲವು ಸಂಯುಕ್ತಗಳು ಹೆಚ್ಚು ಸುರಕ್ಷಿತವಾಗಿವೆ. ಆದರೂ ಒಂದು ಮಾತು ಗಮನಿಸಿ: ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆರಡೂ ಮಿದುಳಿನ ರಕ್ತನಾಳವನ್ನು ಕೆಡಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಈ ಪರೀಕ್ಷೆ ಯಾರಿಗೆ ಬೇಕೋ ಅವರಲ್ಲೇ ಹಲವರಿಗೆ ಚುಚ್ಚುಮದ್ದಿನ ಬಗ್ಗೆ ಯೋಚಿಸಬೇಕಾಗುತ್ತದೆ.

ಬೆಂಗಳೂರಿನಲ್ಲಿ ಹರಿದ ನೀರು

ಹೊರಗಿನಿಂದ ಏನನ್ನೂ ಸೇರಿಸದೆ, ರಕ್ತದಲ್ಲಿರುವ ನೀರನ್ನೇ ಗುರುತಾಗಿ ಬಳಸಿದರೆ ಹೇಗೆ? ಈ ಯೋಚನೆಯ ಬೇರು ಒಂದು ಹಳೆಯ ಪ್ರಯೋಗದಲ್ಲಿದೆ. ಆ ಪ್ರಯೋಗ ನಡೆದದ್ದು ನಮ್ಮ ಊರಿನಲ್ಲೇ.

ನೀರಿನ ಪ್ರತಿ ಅಣುವಿನಲ್ಲಿ ಎರಡು ಜಲಜನಕ ಪರಮಾಣುಗಳಿವೆ. ಅವುಗಳ ಬೀಜಕೇಂದ್ರ ಒಂದೊಂದು ಪ್ರೋಟಾನು. ಒಂದೊಂದೂ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅವುಗಳಲ್ಲಿ ಸ್ವಲ್ಪ ಹೆಚ್ಚಿನ ಪಾಲು ಕ್ಷೇತ್ರದ ದಿಕ್ಕಿಗೆ ವಾಲುತ್ತದೆ. ತಕ್ಕ ಕಂಪನಾಂಕದ ರೇಡಿಯೋ ಅಲೆ ಬಂದರೆ ಅವು ಶಕ್ತಿಯನ್ನು ಹೀರಿ ದಿಕ್ಕು ಬದಲಿಸುತ್ತವೆ. ಇದೇ ನ್ಯೂಕ್ಲಿಯರ್ ಕಾಂತೀಯ ಅನುರಣನೆ. 1946ರಲ್ಲಿ ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದವು.

ಇದಾದ ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತಶಾಸ್ತ್ರ ವಿಭಾಗದ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿನ ಅನುರಣನೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದರು. ಸರ್ ಸಿ. ವಿ. ರಾಮನ್ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ನಿಂತ ನೀರಿಗೆ ರೇಡಿಯೋ ಅಲೆಯನ್ನು ಒಂದೇ ಸಮನೆ ಕೊಡುತ್ತಿದ್ದರೆ ಪ್ರೋಟಾನುಗಳು ದಣಿದಂತಾಗಿ ಸಂಕೇತ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ದಣಿದ ನೀರು ಮುಂದೆ ಸಾಗಿ, ದಣಿಯದ ಹೊಸ ನೀರು ಆ ಜಾಗಕ್ಕೆ ಬರುತ್ತದೆ, ಸಂಕೇತ ಹೆಚ್ಚುತ್ತದೆ. ಅಂದರೆ ಸಂಕೇತದ ಬಲವೇ ಹರಿವಿನ ಸುದ್ದಿ ಹೇಳುತ್ತದೆ. ಎಂ.ಆರ್.ಐ. ಎಂಬ ಹೆಸರೇ ಹುಟ್ಟಿರದ ಕಾಲದ ಮಾತಿದು. ರಾಜಾಜಿನಗರದಿಂದ ಯಶವಂತಪುರದ ದಿಕ್ಕಿಗೆ ಹೋದರೆ ಸ್ವಲ್ಪ ದೂರದಲ್ಲೇ ಸಿಗುವ ಆ ಮರಗಳ ಆವರಣದಲ್ಲಿ ಹರಿದ ನೀರಿನ ಪಾಠವೇ ಇಂದು ಚುಚ್ಚುಮದ್ದಿಲ್ಲದೆ ರಕ್ತನಾಳಗಳ ಚಿತ್ರ ತೆಗೆಯುವ ಒಂದು ಮುಖ್ಯ ಎಂ.ಆರ್.ಐ. ವಿಧಾನದ ತಿರುಳು.

ಇದೇ ಸಂಸ್ಥೆಗೆ ಇನ್ನೊಂದು ನಂಟೂ ಇದೆ. ಅನುರಣನೆಯ ಸಂಕೇತವನ್ನು ಫೂರಿಯೆ ಗಣಿತದಿಂದ ಚಿತ್ರವಾಗಿ ಪರಿವರ್ತಿಸುವ ಮಾರ್ಗವನ್ನು 1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಪ್ರಕಟಿಸಿದ ಮೂವರಲ್ಲಿ ಒಬ್ಬರು ಅನಿಲ್ ಕುಮಾರ್. ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಜೊತೆಯಲ್ಲಿದ್ದ ರಿಚರ್ಡ್ ಅರ್ನ್‌ಸ್ಟ್ ಅವರಿಗೆ ಅನುರಣನೆಯ ಕ್ಷೇತ್ರದ ಕೊಡುಗೆಗಾಗಿ 1991ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು.

ರಕ್ತಕ್ಕೆ ಗುರುತು ಹಾಕುವುದು

ಇನ್ನು ಮುಖ್ಯ ವಿಧಾನಕ್ಕೆ ಬರೋಣ. ಇದರ ಹೆಸರು ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಚಿಕ್ಕದಾಗಿ ಎ.ಎಸ್.ಎಲ್. ಧಮನಿಯ ರಕ್ತಕ್ಕೆ ಗುರುತು ಹಾಕುವುದು ಎಂದು ಅರ್ಥ. ಅಮೆರಿಕದ ಪಿಟ್ಸ್‌ಬರ್ಗಿನ ಜಾನ್ ಡೆಟ್ರೆ, ಅಲನ್ ಕೊರೆಟ್‌ಸ್ಕಿ ಮತ್ತು ಸಂಗಡಿಗರು 1992ರಲ್ಲಿ ಇಲಿಗಳ ಮಿದುಳಿನಲ್ಲಿ ಇದನ್ನು ಮಾಡಿ ತೋರಿಸಿದರು. ಎರಡು ವರ್ಷಗಳಲ್ಲಿ ಮನುಷ್ಯರಲ್ಲೂ ಪ್ರಯೋಗವಾಯಿತು.

ರೋಗಿಯನ್ನು 3 ಟೆಸ್ಲಾ ಬಲದ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸುತ್ತಾರೆ ಎನ್ನಿ. ಈ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರದ ಸುಮಾರು 60 ಸಾವಿರ ಪಟ್ಟು. ಇದರಲ್ಲಿ ಪ್ರೋಟಾನುಗಳ ಕಂಪನಾಂಕ ಸುಮಾರು 128 ಮೆಗಾಹರ್ಟ್ಸ್. ಬೆಂಗಳೂರು ಆಕಾಶವಾಣಿಯ ಎಫ್.ಎಂ. ಕಾಮನಬಿಲ್ಲು 101.3 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ; ಅದಕ್ಕಿಂತ ತುಸು ಮೇಲೆ, ಅಷ್ಟೆ. ಇಂತಹ ರೇಡಿಯೋ ಅಲೆಯನ್ನು ಕುತ್ತಿಗೆಯ ಮೇಲ್ಭಾಗದ ಒಂದು ತೆಳು ಪದರಕ್ಕೆ ಮಾತ್ರ ತಾಗುವಂತೆ ಬಿಡುತ್ತಾರೆ. ಆ ಪದರವನ್ನು ದಾಟಿ ಮೇಲೇರುವ ಧಮನಿ ರಕ್ತದಲ್ಲಿನ ಪ್ರೋಟಾನುಗಳು ತಲೆಕೆಳಗಾಗುತ್ತವೆ. ಇದೇ ಗುರುತು. ರಕ್ತದಲ್ಲಿ ರಾಸಾಯನಿಕವಾಗಿ ಏನೂ ಬದಲಾಗುವುದಿಲ್ಲ; ರೋಗಿಗೆ ಏನೂ ತಿಳಿಯುವುದಿಲ್ಲ.

ಗುರುತು ಹಾಕಿದ ರಕ್ತ ಮಿದುಳಿಗೆ ಏರಿ, ಸೂಕ್ಷ್ಮ ಲೋಮನಾಳಗಳನ್ನು ಸೇರಿ, ಅದರಲ್ಲಿನ ನೀರು ಕೋಶಗಳ ನಡುವಿಗೆ ಇಳಿಯುತ್ತದೆ. ಆಗ ಒಂದು ಚಿತ್ರ ತೆಗೆಯುತ್ತಾರೆ. ಮತ್ತೆ ಗುರುತು ಹಾಕದೆ ಇನ್ನೊಂದು ಚಿತ್ರ. ತಲೆಕೆಳಗಾದ ಪ್ರೋಟಾನುಗಳು ಬಂದು ಸೇರಿದ ಕಡೆ ಮೊದಲ ಚಿತ್ರ ತುಸು ಮಂಕಾಗಿರುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ, ಅಲುಗದೆ ನಿಂತದ್ದೆಲ್ಲ ಅಳಿಸಿಹೋಗಿ ಹೊಸದಾಗಿ ಬಂದ ರಕ್ತದ ಪಾಲು ಮಾತ್ರ ಉಳಿಯುತ್ತದೆ. ಸ್ಟುಡಿಯೋದಲ್ಲಿ ಕ್ಯಾಮೆರಾ ಕದಲಿಸದೆ ತೆಗೆದ ಎರಡು ಫ್ರೇಮುಗಳನ್ನು ಒಂದರಿಂದ ಒಂದು ಕಳೆದರೆ ಹಿನ್ನೆಲೆಯ ಪರದೆ ಮಾಯವಾಗಿ, ನಡುವೆ ನಡೆದುಹೋದವನು ಮಾತ್ರ ಕಾಣಿಸುವ ಹಾಗೆ.

ಆದರೆ ಈ ಶೇಷ ಬಲು ಸಣ್ಣದು. ಬೂದು ಭಾಗದ ಹರಿವು 60 ಎಂದಿಟ್ಟುಕೊಳ್ಳಿ. ಅಂದರೆ 100 ಗ್ರಾಮಿಗೆ ಸೆಕೆಂಡಿಗೆ 1 ಮಿಲಿಲೀಟರ್. 1.8 ಸೆಕೆಂಡು ಗುರುತು ಹಾಕಿದರೆ ಬಂದು ಸೇರುವುದು 1.8 ಮಿಲಿಲೀಟರ್ ಮಾತ್ರ. ಅದರಲ್ಲೂ ಹೆಚ್ಚಿನ ಪಾಲಿನ ಗುರುತು ದಾರಿಯಲ್ಲೇ ಮಾಸಿರುತ್ತದೆ. ಕೊನೆಗೆ ಎರಡು ಚಿತ್ರಗಳ ವ್ಯತ್ಯಾಸ ನೂರಕ್ಕೆ ಒಂದು, ಇಲ್ಲವೇ ಅದಕ್ಕೂ ಕಡಿಮೆ. ಆದ್ದರಿಂದ ಇಂತಹ ಜೋಡಿ ಚಿತ್ರಗಳನ್ನು ಹತ್ತಾರು ಬಾರಿ ತೆಗೆದು ಸರಾಸರಿ ಮಾಡುತ್ತಾರೆ. ನಾಲ್ಕೈದು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ರೋಗಿ ತಲೆ ಅಲುಗಿಸಿದರೆ ಕೆಲಸ ಕೆಟ್ಟಿತು.

ಮಾಸುವ ಮಸಿ

ಗುರುತು ಏಕೆ ಮಾಸುತ್ತದೆ? ತಲೆಕೆಳಗಾದ ಪ್ರೋಟಾನುಗಳು ಹಾಗೆಯೇ ಉಳಿಯುವುದಿಲ್ಲ. ಮೆಲ್ಲಗೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಮೈಸೂರಿನ ಮಸಿ ವಾರಗಟ್ಟಲೆ ನಿಲ್ಲುತ್ತದೆ. ಈ ಕಾಂತೀಯ ಮಸಿಗೆ ಸೆಕೆಂಡುಗಳ ಆಯುಸ್ಸು. 3 ಟೆಸ್ಲಾ ಕ್ಷೇತ್ರದಲ್ಲಿ ರಕ್ತದ ಗುರುತು ಪ್ರತಿ 1.65 ಸೆಕೆಂಡಿಗೆ ನೂರರಲ್ಲಿ 37ಕ್ಕೆ ಇಳಿಯುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳು ವಿಕಿರಣಶೀಲ ಧಾತುಗಳ ಕ್ಷಯದ ಪಾಠದಲ್ಲಿ ಇದೇ ಗಣಿತವನ್ನು ಓದಿರುತ್ತಾರೆ. ಗುರುತು ಬಿದ್ದು 2 ಸೆಕೆಂಡು ಕಳೆದರೆ 100ರಲ್ಲಿ 30 ಉಳಿದಿರುತ್ತದೆ. 4 ಸೆಕೆಂಡಿಗೆ 9 ಮಾತ್ರ. 1.5 ಟೆಸ್ಲಾ ಯಂತ್ರದಲ್ಲಿ ಮಸಿ ಇನ್ನೂ ಬೇಗ, 1.35 ಸೆಕೆಂಡಿಗೇ ಅಷ್ಟು ಮಾಸುತ್ತದೆ. ಅಲ್ಲಿ 2 ಸೆಕೆಂಡಿಗೆ ಉಳಿಯುವುದು 23. ಈ ಪರೀಕ್ಷೆಗೆ 3 ಟೆಸ್ಲಾ ಯಂತ್ರ ಮೇಲೆಂದು ಹೇಳುವ ಕಾರಣಗಳಲ್ಲಿ ಇದೂ ಒಂದು.

ಇದನ್ನು ನಮ್ಮ ಮೆಟ್ರೋ ರೈಲಿನ ಉದಾಹರಣೆಯಿಂದ ನೋಡೋಣ. ಮೆಜೆಸ್ಟಿಕ್ಕಿನಿಂದ ಪಶ್ಚಿಮಕ್ಕೆ ಹೊರಡುವ ನೇರಳೆ ಮಾರ್ಗ ವಿಜಯನಗರವನ್ನು ದಾಟಿ, 2021ರಿಂದ ಕೆಂಗೇರಿಯವರೆಗೂ ಹೋಗುತ್ತಿದೆ. ಮೆಜೆಸ್ಟಿಕ್ಕಿನಲ್ಲಿ ಹತ್ತುವ ಪ್ರತಿಯೊಬ್ಬರ ಕೈಗೂ ಬೇಗ ಮಾಸುವ ಮಸಿ ಹಚ್ಚಿದ್ದೇವೆ ಎಂದುಕೊಳ್ಳಿ. ಸ್ವಲ್ಪ ಹೊತ್ತಿನ ನಂತರ ಎಲ್ಲ ಬಡಾವಣೆಗಳಲ್ಲೂ ಒಂದೇ ಕ್ಷಣದಲ್ಲಿ ಮಸಿ ಇರುವವರ ಎಣಿಕೆ ನಡೆಯುತ್ತದೆ. ಬೇಗ ಎಣಿಸಿದರೆ ಕೆಂಗೇರಿಯವರು ಇನ್ನೂ ರೈಲಿನಲ್ಲೇ ಇರುತ್ತಾರೆ. ಕೆಂಗೇರಿಗೆ ಜನರೇ ಹೋಗುತ್ತಿಲ್ಲ ಎಂಬ ತಪ್ಪು ಲೆಕ್ಕ ಬರುತ್ತದೆ. ಬಹಳ ತಡವಾಗಿ ಎಣಿಸಿದರೆ ಎಲ್ಲರೂ ಮನೆ ಸೇರಿರುತ್ತಾರೆ, ಆದರೆ ಕೈಯ ಮಸಿ ಮಾಸಿರುತ್ತದೆ. ಇವೆರಡರ ನಡುವೆ ಒಂದು ಹದವಾದ ಹೊತ್ತನ್ನು ಆರಿಸಿಕೊಳ್ಳಬೇಕು.

ಈ ಹೊತ್ತು ಎಷ್ಟು? 2015ರಲ್ಲಿ ಹಲವು ದೇಶಗಳ ಪರಿಣತರು ಕೂಡಿ ಒಂದು ಒಮ್ಮತದ ಶಿಫಾರಸು ಪ್ರಕಟಿಸಿದರು. ಅದರ ಪ್ರಕಾರ 1.8 ಸೆಕೆಂಡು ಗುರುತು ಹಾಕಬೇಕು. ಆನಂತರ ಆರೋಗ್ಯವಂತ ವಯಸ್ಕರಿಗೆ 1.8 ಸೆಕೆಂಡು, 70 ವರ್ಷ ಮೀರಿದವರಿಗೆ ಹಾಗೂ ವಯಸ್ಕ ರೋಗಿಗಳಿಗೆ 2 ಸೆಕೆಂಡು ಕಾಯಬೇಕು. ವಯಸ್ಸಾದ, ರೋಗಗ್ರಸ್ತ ರಕ್ತನಾಳಗಳಲ್ಲಿ ರಕ್ತ ನಿಧಾನವಾಗಿ ತಲುಪುತ್ತದೆ ಎಂಬುದೇ ಈ ಹೆಚ್ಚುವರಿ ಕಾಲದ ಕಾರಣ.

ಕಾರ್ಡ್ ರಸ್ತೆಯ ಪಾಠ

ಕಾಯಿಲೆಯ ಮಿದುಳಿನಲ್ಲಿ ಈ ಶಿಫಾರಸೂ ಕೆಲವೊಮ್ಮೆ ಸಾಲದು. ಬೆಂಗಳೂರಿನ ಪಶ್ಚಿಮ ಭಾಗದ ನಕ್ಷೆ ನೋಡಿ. ನಗರದ ನಡುವಿನಿಂದ ತುಮಕೂರು ರಸ್ತೆ, ಮಾಗಡಿ ರಸ್ತೆ, ಮೈಸೂರು ರಸ್ತೆಗಳು ಹೊರಕ್ಕೆ ಚಾಚಿಕೊಂಡಿವೆ. ಇವುಗಳಿಗೆ ಅಡ್ಡಲಾಗಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳನ್ನು ಹಾದು ಕಾರ್ಡ್ ರಸ್ತೆ ಸಾಗುತ್ತದೆ. ಮಾಗಡಿ ರಸ್ತೆ ನಗರದ ಬಳಿ ಮುಚ್ಚಿಹೋದರೂ ಬಸವೇಶ್ವರನಗರದವರು ಮನೆ ಸೇರದೆ ಇರುವುದಿಲ್ಲ. ಮೈಸೂರು ರಸ್ತೆಯಲ್ಲಿ ಹೋಗಿ, ಕಾರ್ಡ್ ರಸ್ತೆ ಹಿಡಿದು ಬರುತ್ತಾರೆ. ತಡವಾಗುತ್ತದೆ, ಆದರೆ ಬರುತ್ತಾರೆ.

ಮಿದುಳಿನ ತಳದಲ್ಲೂ ಇಂತಹ ಒಂದು ಅಡ್ಡದಾರಿ ಇದೆ. ಕುತ್ತಿಗೆಯಿಂದ ಏರಿಬರುವ ನಾಲ್ಕು ಧಮನಿಗಳ ರಕ್ತವನ್ನು ಒಂದಕ್ಕೊಂದು ಕೂಡಿಸುವ ಧಮನಿಗಳ ಉಂಗುರ ಅದು. 1664ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅವರ ಹೆಸರಿನಲ್ಲಿ ವಿಲ್ಲಿಸ್ ವರ್ತುಲ ಎನ್ನುತ್ತಾರೆ. ಬಲಗಡೆಯ ಧಮನಿ ಕಟ್ಟಿದರೆ ಎಡಗಡೆಯ ರಕ್ತ ಈ ಉಂಗುರವನ್ನು ಬಳಸಿ ಬಲಕ್ಕೆ ದಾಟಬಹುದು. ಸುತ್ತುಬಳಸಿ ಬರುವ ಈ ರಕ್ತ ತಡವಾಗಿ ಬರುತ್ತದೆ.

ಈಗ 2 ಸೆಕೆಂಡು ಕಾದು ತೆಗೆದ ಚಿತ್ರದಲ್ಲಿ ಆ ಭಾಗ ಕಪ್ಪಗೆ ಕಂಡರೆ ಏನೆಂದು ತಿಳಿಯಬೇಕು? ರಕ್ತ ಬಂದಿಲ್ಲ ಎಂದೇ? ಅಥವಾ ಎಣಿಸುವ ಹೊತ್ತಿಗೆ ಇನ್ನೂ ದಾರಿಯಲ್ಲಿತ್ತು ಎಂದೇ? ಒಂದೇ ಚಿತ್ರದಿಂದ ಇದನ್ನು ಖಚಿತವಾಗಿ ಹೇಳಲಾಗದು. ಹಾಗೆಯೇ ಕಪ್ಪು ಭಾಗದ ಅಂಚಿನಲ್ಲಿ ಹಾವಿನಂತೆ ಹೊಳೆಯುವ ಗೆರೆಗಳು ಕಂಡರೆ, ಅದು ಹೆಚ್ಚಿನ ಹರಿವಿನ ಗುರುತಲ್ಲ. ಧಮನಿಯಲ್ಲೇ ಇನ್ನೂ ಸಾಗುತ್ತಿರುವ ರಕ್ತದ ಗುರುತು. ಕಣ್ಣಿಗೆ ಹೊಳಪಾಗಿ ಕಂಡದ್ದು ವಾಸ್ತವದಲ್ಲಿ ವಿಳಂಬದ ಸುದ್ದಿ. ಇಲ್ಲಿ ಎಡವಿದರೆ ಬದುಕಿರುವ ಮಿದುಳನ್ನು ಸತ್ತಿದೆ ಎಂದು ಎಣಿಸಿದಂತಾಗುತ್ತದೆ, ಇಲ್ಲವೇ ಅಪಾಯದಲ್ಲಿರುವುದನ್ನು ಚೆನ್ನಾಗಿದೆ ಎಂದಂತಾಗುತ್ತದೆ.

ಇದಕ್ಕೆ ಪರಿಹಾರವೂ ಇದೆ. ಒಂದೇ ಬಾರಿ ಎಣಿಸುವುದರ ಬದಲು ಹಲವು ಹೊತ್ತಿನಲ್ಲಿ ಎಣಿಸುವುದು. ಒಂದು ಸೆಕೆಂಡಿಗೂ ಕಡಿಮೆ ಕಾದು ಒಂದು, ಮೂರು ಸೆಕೆಂಡಿನ ಆಸುಪಾಸು ಕಾದು ಇನ್ನೊಂದು, ನಡುವೆ ಕೆಲವು. ಆಗ ರಕ್ತ ಎಷ್ಟು ಬಂತು ಎನ್ನುವುದರ ಜೊತೆಗೆ ಯಾವಾಗ ಬಂತು ಎಂಬುದೂ ತಿಳಿಯುತ್ತದೆ. ತಡವೇ ಸ್ವತಃ ಒಂದು ಅಳತೆಯಾಗುತ್ತದೆ. ಕುತ್ತಿಗೆಯಲ್ಲಿ ಗುರುತು ಹಾಕುವುದನ್ನು ಬಿಟ್ಟು, ರಕ್ತದ ವೇಗವನ್ನೇ ಆಧರಿಸಿ ಮಿದುಳಿನ ಒಳಗೇ ಗುರುತು ಹಾಕುವ ಇನ್ನೊಂದು ಉಪಾಯವನ್ನೂ ವಿಜ್ಞಾನಿಗಳು ರೂಪಿಸಿದ್ದಾರೆ. ಅದರಲ್ಲಿ ದಾರಿಯೇ ಚಿಕ್ಕದು; ಮಸಿ ಮಾಸುವ ಭಯ ಕಡಿಮೆ.

ಇನ್ನೆರಡು ಸೂಜಿಯಿಲ್ಲದ ವಿಧಾನಗಳು

ಮೊದಲನೆಯದು ಫೇಸ್ ಕಾಂಟ್ರಾಸ್ಟ್ ಎಂ.ಆರ್.ಐ. ಕಾಂತಕ್ಷೇತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಳಿಜಾರಿನಂತೆ ಕ್ರಮವಾಗಿ ಬದಲಾಗುವಂತೆ ಮಾಡಿದರೆ, ಆ ಇಳಿಜಾರಿನ ಉದ್ದಕ್ಕೆ ಚಲಿಸುವ ಪ್ರೋಟಾನುಗಳ ಸಂಕೇತದಲ್ಲಿ ವೇಗಕ್ಕೆ ತಕ್ಕಷ್ಟು ಕೋನದ ವ್ಯತ್ಯಾಸ ಬರುತ್ತದೆ. ಅದರಿಂದ ಧಮನಿಯಲ್ಲಿನ ರಕ್ತದ ವೇಗ ತಿಳಿಯುತ್ತದೆ. ವೇಗವನ್ನು ಧಮನಿಯ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೆ ಹರಿವು. ಕುತ್ತಿಗೆಯ ನಾಲ್ಕು ಧಮನಿಗಳನ್ನು ಹೀಗೆ ಅಳೆದು ಕೂಡಿಸಿದರೆ ಇಡೀ ಮಿದುಳಿಗೆ ಹೋಗುವ ಒಟ್ಟು ರಕ್ತ ಸಿಗುತ್ತದೆ. ಎ.ಎಸ್.ಎಲ್. ಕೊಟ್ಟ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲೂ ಇದು ಉಪಯುಕ್ತ.

ಎರಡನೆಯದು ರಕ್ತನಾಳಗಳ ಮೀಸಲು ಶಕ್ತಿಯ ಪರೀಕ್ಷೆ. ಕೆಲವು ಸೆಕೆಂಡು ಉಸಿರು ಬಿಗಿಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆರೋಗ್ಯವಂತ ಮಿದುಳಿನ ಸಣ್ಣ ರಕ್ತನಾಳಗಳು ಆಗ ಹಿಗ್ಗುತ್ತವೆ, ಹರಿವು ಹೆಚ್ಚುತ್ತದೆ. ಮೇಲಿನ ದೊಡ್ಡ ಧಮನಿ ಕಿರಿದಾಗಿ ಬಹುಕಾಲವಾಗಿದ್ದರೆ, ಕೆಳಗಿನ ಸಣ್ಣ ನಾಳಗಳು ಬರುವಷ್ಟು ರಕ್ತವನ್ನು ಸೆಳೆದುಕೊಳ್ಳಲು ಆಗಲೇ ಪೂರ್ತಿ ಹಿಗ್ಗಿಬಿಟ್ಟಿರುತ್ತವೆ. ಇನ್ನು ಹಿಗ್ಗಲು ಜಾಗವಿರುವುದಿಲ್ಲ. ಮಾಮೂಲಿ ಹೊತ್ತಿನಲ್ಲಿ ಹರಿವು ಸರಿಯಾಗಿಯೇ ಕಾಣಬಹುದು. ಆದರೆ ಗಂಟಿನಲ್ಲಿ ಉಳಿದದ್ದು ಏನೂ ಇಲ್ಲ. ರಕ್ತದೊತ್ತಡ ತುಸು ಕುಸಿದರೂ ಅಂಥವರಿಗೆ ಅಪಾಯ. ವೈದ್ಯರ ಮೇಲ್ವಿಚಾರಣೆಯಲ್ಲಿ, ಎಂ.ಆರ್.ಐ. ಯಂತ್ರದ ಒಳಗೆ ಉಸಿರು ಹಿಡಿಸಿ ಅಥವಾ ಅಳತೆಯ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಕೊಟ್ಟು ಈ ಮೀಸಲನ್ನು ಪರೀಕ್ಷಿಸುತ್ತಾರೆ.

ಎಲ್ಲಿ ಉಪಯೋಗ, ಎಲ್ಲಿ ಮಿತಿ

ಸೂಜಿಯಿಲ್ಲ, ವಿಕಿರಣವಿಲ್ಲ ಎಂದ ಮೇಲೆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಹುದು. ಮಕ್ಕಳಲ್ಲಿ ಮಿದುಳಿನ ಧಮನಿಗಳು ಕ್ರಮೇಣ ಮುಚ್ಚಿಕೊಳ್ಳುವ ಮೊಯಮೊಯ ಎಂಬ ಕಾಯಿಲೆಯಲ್ಲಿ ಶಸ್ತ್ರಚಿಕಿತ್ಸೆಯ ಮುಂಚೆ, ಆನಂತರ ಹರಿವನ್ನು ಹೋಲಿಸಿ ನೋಡಲು ಇದು ಅನುಕೂಲ. ವರ್ಷಗಟ್ಟಲೆ ಒಂದೇ ಜನರನ್ನು ಗಮನಿಸುವ ಅಧ್ಯಯನಗಳಿಗೂ ಇಂತಹ ಪರೀಕ್ಷೆಗಳೇ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದವರ ಮಿದುಳಿನ ಆರೋಗ್ಯವನ್ನು ದೀರ್ಘಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ, ಎಂ.ಆರ್.ಐ. ಅದರ ಒಂದು ಅಂಗ. ಆರೋಗ್ಯವಾಗಿರುವ ರೈತನನ್ನು ಪ್ರತಿ ಸಲ ಚುಚ್ಚುಮದ್ದಿಗೆ ಒಪ್ಪಿಸುವುದಕ್ಕಿಂತ ಸುಮ್ಮನೆ ಮಲಗಲು ಒಪ್ಪಿಸುವುದು ಸುಲಭವಲ್ಲವೇ?

ಮಿತಿಗಳನ್ನೂ ಹೇಳಬೇಕು. ಬಿಳಿ ಭಾಗದಲ್ಲಿ ಹರಿವು ಕಡಿಮೆ, ರಕ್ತ ಬರುವುದೂ ತಡ. ಅಲ್ಲಿನ ಅಳತೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಚಿತ್ರ ಒರಟು, ಮೂರು ನಾಲ್ಕು ಮಿಲಿಮೀಟರಿಗಿಂತ ಸಣ್ಣ ವಿವರ ಸಾಮಾನ್ಯವಾಗಿ ಸಿಗದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು, ಮೈಯೊಳಗೆ ಲೋಹದ ತುಣುಕು ಇರುವವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು. ಸ್ಟ್ರೋಕ್ ಆದ ತಕ್ಷಣ ಬಂದ ರೋಗಿಗೆ ಹೆಚ್ಚಿನ ಕಡೆ ಮೊದಲು ಮಾಡುವುದು ಸಿ.ಟಿ. ಪರೀಕ್ಷೆ. ಅದು ಬೇಗ ಮುಗಿಯುತ್ತದೆ, ರಕ್ತಸ್ರಾವವಿದ್ದರೆ ತಕ್ಷಣ ತೋರಿಸುತ್ತದೆ. ಎ.ಎಸ್.ಎಲ್. ಆ ಅವಸರದ ಪರೀಕ್ಷೆಗಳ ಜಾಗವನ್ನು ಕಿತ್ತುಕೊಂಡಿಲ್ಲ. ಅವುಗಳ ಪಕ್ಕದಲ್ಲಿ ತನ್ನ ಜಾಗ ಮಾಡಿಕೊಂಡಿದೆ.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ದೊಡ್ಡ ಧಮನಿಯಲ್ಲಿನ ಹೆಪ್ಪನ್ನು ತೂರುನಳಿಕೆಯಿಂದ ಹೊರತೆಗೆಯುವ ಚಿಕಿತ್ಸೆಯನ್ನು ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಯಾರಲ್ಲಿ ಉಳಿಸಬಹುದಾದ ಮಿದುಳು ಇನ್ನೂ ಇದೆ ಎಂಬುದನ್ನು ಅವು ಚಿತ್ರಗಳ ಆಧಾರದಿಂದಲೇ ನಿರ್ಧರಿಸಿದವು. ಅರೆನೆರಳನ್ನು ಅಳೆಯುವುದು ಇಲ್ಲಿ ಬರಿಯ ಪಾಂಡಿತ್ಯದ ಮಾತಲ್ಲ. ಒಬ್ಬರಿಗೆ ಚಿಕಿತ್ಸೆಯ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬ ಮಾತು.

ಆದರೆ ಯಾವ ಯಂತ್ರವೂ ಮನೆಗೆ ಬರುವುದಿಲ್ಲ. ರೋಗಿಯೇ ಯಂತ್ರದ ಬಳಿಗೆ ಹೋಗಬೇಕು. ಮನೆಯಲ್ಲಿ ಯಾರದಾದರೂ ಮುಖ ಇದ್ದಕ್ಕಿದ್ದಂತೆ ಒಂದು ಕಡೆ ಸೊಟ್ಟಗಾದರೆ, ಎರಡೂ ತೋಳು ಎತ್ತಿ ಹಿಡಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ನಡಿಗೆ ಅಥವಾ ನೋಟ ಥಟ್ಟನೆ ತಪ್ಪಿದರೆ ಗಡಿಯಾರ ನೋಡಿಕೊಳ್ಳಿ. ತಾಯತ, ನಾಟಿ ಔಷಧಿ, ಬೆಳಗಾಗಲಿ ನೋಡೋಣ ಎಂಬ ಮಾತು ಯಾವುದಕ್ಕೂ ಕಾಯದೆ 108ಕ್ಕೆ ಕರೆ ಮಾಡಿ. ಅಜ್ಜಿಗೋ ತಾತನಿಗೋ ಹೀಗಾದಾಗ ಮನೆಯಲ್ಲಿ ಇರುವವರು ಬಹಳ ಸಲ ಶಾಲೆ ಕಾಲೇಜಿನ ಮಕ್ಕಳೇ. ಲಕ್ಷಣ ಎಷ್ಟು ಗಂಟೆಗೆ ಶುರುವಾಯಿತು ಎಂದು ನೀವು ಬರೆದಿಟ್ಟುಕೊಂಡ ಒಂದು ಸಾಲು, ವೈದ್ಯರಿಗೆ ಯಂತ್ರದ ಚಿತ್ರದಷ್ಟೇ ಮುಖ್ಯವಾಗುತ್ತದೆ.